ನನ್ನ ನಂಬರಿನ ಇನ್ನೊಂದು ಕಾರು

ಮೊದಲ ಸಂದೇಶ ಬಂದಾಗ ನಾನು ರಿಯಾದಿನ ಒಲಾಯಾದಲ್ಲಿದ್ದ ನಮ್ಮ ಆಫೀಸಿನಲ್ಲಿ ಕೂತು ಒಂದು ಶಾಲೆಯ ಮೆಟ್ಟಿಲುಗಳ ನಕ್ಷೆ ತಿದ್ದುತ್ತಿದ್ದೆ. ನಿಮ್ಮ ಕಾರು ಇಂಥ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಎರಡೂವರೆ ಗಂಟೆ ನಿಂತಿತ್ತು, ಶುಲ್ಕವನ್ನು ನಿಮ್ಮ ಪಾಸಿಗೆ ಸೇರಿಸಲಾಗಿದೆ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ನನ್ನ ಕಾರು ಆ ಹೊತ್ತಿಗೆ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ನನ್ನ ಕುರ್ಚಿಯಿಂದ ಒಂಬತ್ತು ಮಹಡಿ ಕೆಳಗೆ ನಿಂತಿತ್ತು. ಯಾವನೋ ತಪ್ಪು ಮಾಡಿದ್ದಾನೆ ಎಂದುಕೊಂಡು ಫೋನನ್ನು ಮಗುಚಿ ಇಟ್ಟೆ.

ಮರುದಿನ ಎರಡು ಸಂದೇಶ ಬಂದವು. ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರರ ಹೊತ್ತಿಗೆ ಇನ್ನೊಂದು. ಅದರ ಮರುದಿನವೂ ಎರಡು. ನಮ್ಮ ಕಟ್ಟಡದ ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದ ಖಾಸಗಿ ಕಂಪನಿಯೇ ಊರ ಇನ್ನೊಂದು ತುದಿಯ ಆ ಆಸ್ಪತ್ರೆಯ ಪಾರ್ಕಿಂಗನ್ನೂ ವಹಿಸಿಕೊಂಡಿತ್ತು. ನನ್ನ ಹತ್ತಿರ ಅವರ ತಿಂಗಳ ಪಾಸಿತ್ತು. ಗೇಟಿನ ಕ್ಯಾಮೆರಾ ನಂಬರ್ ಓದುತ್ತದೆ, ಪಾಸಿನವನಾದರೆ ಅಡ್ಡಗೋಲು ತಾನಾಗಿಯೇ ಏಳುತ್ತದೆ, ನಮ್ಮ ಕಟ್ಟಡವಲ್ಲದ ಕಡೆ ನಿಲ್ಲಿಸಿದರೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ಅಂದರೆ ನನ್ನ ನಂಬರ್ ಹೊತ್ತ ಒಂದು ಕಾರು ನಾನು ಎಂದೂ ಕಾಲಿಡದ ಆಸ್ಪತ್ರೆಗೆ ದಿನಾ ಎರಡು ಸಲ ಹೋಗಿಬರುತ್ತಿತ್ತು.

ನಾಲ್ಕನೇ ದಿನ ಸಂದೇಶ ಬಂದ ಕೂಡಲೇ ಲಿಫ್ಟಿನಲ್ಲಿ ಕೆಳಗಿಳಿದೆ. ನನ್ನ ಬಿಳಿ ಕಾರು ಕಂಬದ ಪಕ್ಕದಲ್ಲಿ ನಾನು ನಿಲ್ಲಿಸಿದ್ದಲ್ಲಿಯೇ ಇತ್ತು. ಬಾನೆಟ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಹಾಗೆ ಮುಟ್ಟಿ ನೋಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ಇಳಿದು ಮುಟ್ಟಿದೆ. ಒಂದು ವಾರ ಇದೇ ನನ್ನ ಕೆಲಸವಾಯಿತು, ಪಕ್ಕದ ಮೇಜಿನವರು ಇವನಿಗೆ ಸಕ್ಕರೆ ಕಾಯಿಲೆ ಶುರುವಾಗಿರಬೇಕು, ಪದೇ ಪದೇ ಏಳುತ್ತಾನೆ ಎಂದು ತಮಾಷೆ ಮಾಡಿದರು.

ನಾನು ನಿಯಮದ ಮನುಷ್ಯ ಎಂದು ನನಗೆ ಜಂಬ ಇತ್ತು. ಹನ್ನೆರಡು ವರ್ಷ ಆ ದೇಶದಲ್ಲಿದ್ದು ಒಂದೇ ಒಂದು ದಂಡ ಕಟ್ಟಿದವನಲ್ಲ. ಸಿಗ್ನಲ್ಲು ಹಳದಿಯಾದರೆ ಹಿಂದಿನವನು ಎಷ್ಟು ಹಾರ್ನ್ ಹೊಡೆದರೂ ನಿಲ್ಲುತ್ತಿದ್ದೆ. ಅಂಥವನ ಮೇಲೆ ಈ ಆರೋಪ ಬಂದದ್ದು ಸಿಟ್ಟು ತರಿಸಿತು. ಆಫೀಸಿಗೆ ಬಂದುಹೋಗುವಾಗ ಬೆರಳು ಒತ್ತಿದ ದಾಖಲೆಯನ್ನು ಪ್ರಿಂಟ್ ಮಾಡಿಸಿಕೊಂಡು, ನೆಲಮಾಳಿಗೆಯಲ್ಲೇ ಇದ್ದ ಪಾರ್ಕಿಂಗ್ ಕಂಪನಿಯ ಕೋಣೆಗೆ ನುಗ್ಗಿದೆ. ಅಲ್ಲಿದ್ದವರು ಸುಡಾನಿನ ಒಬ್ಬ ಹಿರಿಯರು. ನನ್ನ ಏರುದನಿಯನ್ನು ಕೊನೆಯವರೆಗೂ ಕೇಳಿ, ಒಂದು ಲೋಟ ಚಹಾ ಕೊಟ್ಟು, ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ನೋಡು ಸಹೋದರ, ನಿನ್ನ ಕಾರು ಅಲ್ಲವಾ?"

ಬಿಳಿ ಕಾರು. ನನ್ನದೇ ಕಂಪನಿಯದು, ನನ್ನದೇ ಮಾದರಿಯದು. ಒಳಗೆ ಅರ್ಧ ತೋಳಿನ ಅಂಗಿ ಹಾಕಿದ, ಹಣೆ ಬೋಳಾಗುತ್ತ ಬಂದಿದ್ದ ಒಬ್ಬ ಮನುಷ್ಯ. ಅವನ ಮುಖದ ಮೇಲೆ ಗಾಜಿನ ಹೊಳಪು ಬಿದ್ದು ಸರಿಯಾಗಿ ಕಾಣುತ್ತಿರಲಿಲ್ಲ. ನಂಬರ್ ಪ್ಲೇಟು ಮಾತ್ರ ಸ್ಪಷ್ಟವಾಗಿತ್ತು. ಬಲಗಡೆಯ ಪಟ್ಟಿಯಲ್ಲಿ ಆ ದೇಶದ ಲಾಂಛನವಾದ ಖರ್ಜೂರದ ಮರ ಇರುತ್ತದಲ್ಲ, ಅದರ ಬುಡ ಕೆಳಗಿಳಿದು ಅಂಚಿನ ಕಪ್ಪು ಗೆರೆಗೆ ತಾಗಿಕೊಂಡಿತ್ತು. ಅದನ್ನು ಕಂಡದ್ದೇ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸರ್ಕಾರ ಕೊಟ್ಟ ಪ್ಲೇಟಿನಲ್ಲಿ ಮರ ಗೆರೆಗೆ ತಾಗುವುದಿಲ್ಲ. ಆ ತಪ್ಪು ಇರುವ ಇನ್ನೊಂದು ಪ್ಲೇಟು ಆ ಊರಿನಲ್ಲಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅದು ನನ್ನ ಕಾರಿನ ಮುಂಭಾಗದಲ್ಲಿತ್ತು.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಅದಕ್ಕೆ ಎರಡು ವರ್ಷ ಹಿಂದೆ ರಿಯಾದಿನಲ್ಲಿ ಒಂದು ದಿನ ಮಳೆ ಹೊಡೆಯಿತು. ನಮ್ಮ ಕರಾವಳಿಯವರು ನೋಡಿದರೆ ನಗುವಂಥ ಮಳೆ, ಆದರೆ ಆ ಊರಿನ ಕೆಳಸೇತುವೆಗಳು ಅಷ್ಟಕ್ಕೇ ಕೆರೆಯಾಗುತ್ತವೆ. ನಾನು ಗಟ್ಟಿಗನಂತೆ ನೀರಿನಲ್ಲೇ ಕಾರು ನುಗ್ಗಿಸಿ ದಾಟಿದೆ. ಆಚೆ ದಡ ಸೇರಿ ನೋಡಿದರೆ ಮುಂದಿನ ನಂಬರ್ ಪ್ಲೇಟು ನೀರಿನಲ್ಲಿ ಕಿತ್ತುಹೋಗಿತ್ತು. ಟ್ರಾಫಿಕ್ ಕಚೇರಿಗೆ ಹೋಗಿ ಕಳೆದುಹೋಗಿದೆ ಎಂದು ಬರೆದುಕೊಟ್ಟಿದ್ದರೆ ಅರ್ಧ ದಿನದ ಕೆಲಸ, ಅಷ್ಟೆ. ಆದರೆ ಮರುದಿನ ಖತೀಫಿನಲ್ಲಿ ನಮ್ಮೂರಿನವರೊಬ್ಬರ ಮದುವೆಯ ಊಟವಿತ್ತು, ನಾನೂರು ಕಿಲೋಮೀಟರ್ ದೂರ, ಹೆಂಡತಿ ಮತ್ತು ಮಗಳು ಆಗಲೇ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದರು.

ನಮ್ಮೂರಲ್ಲಿ ನಂಬರ್ ಪ್ಲೇಟೆಂದರೆ ಸ್ಟಿಕ್ಕರ್ ಅಂಗಡಿಯ ಕೆಲಸ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬನಿದ್ದ, ಸ್ಕೂಟರ್ ನಿಲ್ಲಿಸಿ ನಂಬರ್ ಹೇಳಿದರೆ ಚಹಾ ಕುಡಿದು ಬರುವಷ್ಟರಲ್ಲಿ ಬೇಕಾದ ಅಕ್ಷರದಲ್ಲಿ ಬರೆದು, ಮೇಲೆ ಒಂದು ನಕ್ಷತ್ರವನ್ನೂ ಅಂಟಿಸಿಕೊಡುತ್ತಿದ್ದ. ಅದು ಅಪರಾಧ ಎಂಬ ಯೋಚನೆ ನಮಗೆ ಬರುವುದೇ ಇಲ್ಲ. ಹಾಗೆಯೇ ನಾನು ಆ ದಿನ ಗ್ಯಾರೇಜುಗಳ ಬೀದಿ ಸನಾಯ್ಯಾಕ್ಕೆ ಹೋಗಿ, ಅಂಗಡಿಗಳ ಬೋರ್ಡು ಮಾಡುವ ನಮ್ಮ ಕಡೆಯವನೊಬ್ಬನಿಗೆ ಹಿಂದಿನ ಪ್ಲೇಟು ತೋರಿಸಿ, "ಇಂಥದ್ದೇ ಒಂದು ಮಾಡಿ ಕೊಡಿ ಮಾರಾಯ್ರೆ" ಎಂದೆ. ಅವನು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕೂರಿಸಿ, ತಗಡಿನ ಮೇಲೆ ಅಂಟಿಸಿ, ಸಂಜೆಯೊಳಗೆ ಕೊಟ್ಟ. ಮರದ ಬುಡ ಗೆರೆಗೆ ತಾಗಿದ್ದನ್ನು ನಾನು ನೋಡಿದ್ದೆ. ಯಾರು ನೋಡ್ತಾರೆ ಎಂದು ಅವನು ಅಂದ, ನಾನೂ ಹೌದೆಂದೆ. ಹೊಸ ಕಾರಾದ್ದರಿಂದ ಸರ್ಕಾರಿ ತಪಾಸಣೆಗೆ ಇನ್ನೂ ಹೋಗಬೇಕಿರಲಿಲ್ಲ. ಮದುವೆಯ ಊಟ ಮಾಡಿಬಂದೆ. ಆಮೇಲೆ ಮರೆತೇಬಿಟ್ಟೆ.

ಸುಡಾನಿನ ಹಿರಿಯರು ಒಂದು ಫಾರ್ಮ್ ಕೊಟ್ಟರು. "ಇದು ತುಂಬಿಸು. ಕಾರಿನ ದಾಖಲೆ, ಮುಂದಿನಿಂದ ಒಂದು ಫೋಟೋ, ಹಿಂದಿನಿಂದ ಒಂದು ಫೋಟೋ. ಯಾರೋ ನಿನ್ನ ನಂಬರ್ ಕದ್ದಿದ್ದಾನೆ ಅಂತ ಕಾಣುತ್ತದೆ. ಹದಿನೈದು ದಿನ ಸಮಯ ಇದೆ. ಅಷ್ಟರಲ್ಲಿ ಆಕ್ಷೇಪಣೆ ಪೂರ್ತಿ ಆಗದಿದ್ದರೆ ಫೈಲು ಪೊಲೀಸರಿಗೆ ಹೋಗುತ್ತದೆ. ನನ್ನ ಕೈಯಲ್ಲಿ ಏನೂ ಇಲ್ಲ."

ಮುಂದಿನಿಂದ ಒಂದು ಫೋಟೋ! ಕಾರಿನ ಮುಂಭಾಗ ತೋರಿಸಿದರೆ ನಾನೇ ಕಳ್ಳ. ಶುಲ್ಕ ಕಟ್ಟಿ ಸುಮ್ಮನಾದರೆ ಆ ಕಾರೂ ನನ್ನದೆಂದು ಒಪ್ಪಿಕೊಂಡಂತೆ, ನಾಳೆ ಅದು ಯಾರಿಗಾದರೂ ಗುದ್ದಿ ಓಡಿದರೆ ಗುದ್ದಿದವನು ನಾನು. ಪೊಲೀಸರ ತನಕ ಹೋದರೆ ನಕಲಿ ಪ್ಲೇಟು ಮಾಡಿಸಿದ್ದಕ್ಕೆ ಜೈಲು, ಆಮೇಲೆ ಗಡೀಪಾರು. ಹೆಂಡತಿ, ಮಗಳು ಇಬ್ಬರ ವಾಸದ ಪರವಾನಗಿಯೂ ನನ್ನ ಪರವಾನಗಿ ಇಕಾಮಾದ ಮೇಲೆಯೇ ನಿಂತಿತ್ತು. ಮಗಳು ಆಗ ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ತರಗತಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುತ್ತಾರೆ, ನಾನು ಉಗುರಲ್ಲಿ ಹೋಗುವುದನ್ನು ಕೊಡಲಿಯವರೆಗೆ ಬೆಳೆಸಿ ಇಟ್ಟುಕೊಂಡಿದ್ದೆ.

ಆ ಫೋಟೋವನ್ನು ಫೋನಿನಲ್ಲಿ ಹಾಕಿಸಿಕೊಂಡು ಮನೆಗೆ ಒಯ್ದೆ. ಪ್ಲೇಟಿನ ಕಥೆ ಹೇಳದೆ, ಬರೀ ಶುಲ್ಕದ ವಿಷಯ ಹೇಳಿ ಹೆಂಡತಿಗೆ ತೋರಿಸಿದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಕನ್ನಡಕ ಹಾಕಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

"ಇದು ನೀವೇ ಅಲ್ವಾ?"

"ನಾನಲ್ಲ. ನಾನು ಆಗ ಆಫೀಸಲ್ಲಿದ್ದೆ."

"ಅಂಗಿ ಕೂಡ ನಿಮ್ಮದೇ," ಎಂದಳು. ಆಮೇಲೆ ಫೋನು ಹಿಂದೆ ಕೊಟ್ಟು, "ಆಸ್ಪತ್ರೆಗೆ ಎಂತಕ್ಕೆ ಹೋಗಿದ್ದು? ಏನಾದ್ರೂ ಕಾಯಿಲೆ ಉಂಟಾ? ನನ್ನ ಹತ್ತಿರ ಮುಚ್ಚಿಡ್ಬೇಡಿ," ಎಂದಳು. ಎಷ್ಟು ಹೇಳಿದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆ ವಾರವಿಡೀ ನನ್ನ ಊಟದ ತಟ್ಟೆಯನ್ನು ಗಮನಿಸುತ್ತಿದ್ದಳು, ನಾನು ಅನ್ನ ಬಿಟ್ಟರೆ ಅವಳ ಮುಖ ಸಣ್ಣದಾಗುತ್ತಿತ್ತು.

ನನಗೂ ಏನೋ ಆಗತೊಡಗಿತ್ತು. ರಿಯಾದಿನಲ್ಲಿ ಹತ್ತು ಕಾರಿಗೆ ಆರು ಬಿಳಿ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಿಳಿ ಕಾರು ಬಂದು ನಿಂತರೆ ಅದರ ನಂಬರ್ ನೋಡುವ ಧೈರ್ಯ ಬರುತ್ತಿರಲಿಲ್ಲ, ನೋಡದೆ ಇರುವುದಕ್ಕೂ ಆಗುತ್ತಿರಲಿಲ್ಲ. ನಾನು ನಮಾಜಿಗೆ ನಿಂತಾಗ ಅವನು ಎಲ್ಲಿ ನಿಂತಿರಬಹುದು ಎಂಬ ಯೋಚನೆ ಬರುತ್ತಿತ್ತು. ಸಂದೇಶಗಳು ತಪ್ಪದೆ ಬರುತ್ತಿದ್ದವು. ಆ ಬುಧವಾರ ಬೆಳಗಿನ ಸಂದೇಶ ಬರಲಿಲ್ಲ, ಆಗ ನೆಮ್ಮದಿಯಾಗುವ ಬದಲು ಅವನಿಗೆ ಏನಾಯಿತೋ ಎಂದು ಕಸಿವಿಸಿಯಾಯಿತು. ಮಧ್ಯಾಹ್ನದ್ದು ಬಂದಾಗ ಸರಿಯಾಗಿ ಉಸಿರಾಡಿದೆ. ಹುಚ್ಚು ಹಿಡಿಯುವುದು ಹೀಗೆಯೇ ಇರಬೇಕು ಎನಿಸಿತು.

ಸನಾಯ್ಯಾಕ್ಕೆ ಹೋದೆ. ಬೋರ್ಡಿನವನು ನನ್ನನ್ನು ನೋಡಿ ಖುಷಿಯಿಂದಲೇ ಕುರ್ಚಿ ಎಳೆದ. ವಿಷಯ ಹೇಳಿದಾಗ ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ಹೌದು, ಒಬ್ಬರಿಗೆ ಮಾಡಿ ಕೊಟ್ಟಿದ್ದೇನೆ. ನಮ್ಮವರೇ, ಬಂಟ್ವಾಳದ ಆಚೆಯವರು. ಅವರ ಗಾಡಿಯ ಕಾಗದ ಮುಗ್ದಿತ್ತು, ಪಾಪ. ನಿಮ್ಮದು ಕಂಪ್ಯೂಟರಲ್ಲಿ ರೆಡಿ ಇತ್ತು, ಗಾಡಿಯೂ ಅದೇ, ಬಣ್ಣವೂ ಅದೇ. ಯಾರಿಗೆ ಗೊತ್ತಾಗ್ತದೆ ಅಂತ ಕೊಟ್ಟೆ."

"ನನ್ನ ನಂಬರ್ ಕೊಡಲಿಕ್ಕೆ ನೀವು ಯಾರು?"

"ನೀವು ಮಾಡಿಸ್ಲಿಕ್ಕೆ ಯಾರು ಹಾಗಾದ್ರೆ?" ಎಂದ. ಬೈಯಲು ಬಂದಿದ್ದ ನಾನು ಅವನು ಕೊಟ್ಟ ಚಹಾ ಕುಡಿದು ಎದ್ದುಬಂದೆ.

ಮರುದಿನ ಆಫೀಸಿನಲ್ಲಿ ಹಲ್ಲುನೋವೆಂದು ಹೇಳಿ ಬೆಳಿಗ್ಗೆಯೇ ಆ ಆಸ್ಪತ್ರೆಗೆ ಹೋದೆ. ನನ್ನ ಕಾರನ್ನು ದೂರದ ಬೀದಿಯಲ್ಲಿ ಬಿಟ್ಟು ನಡೆದೆ. ಪಾರ್ಕಿಂಗ್‌ನ ಎರಡನೇ ಸಾಲಿನಲ್ಲಿ ಅದು ನಿಂತಿತ್ತು. ನನ್ನ ಕಾರು. ಎಡಗಡೆ ಬಾಗಿಲಿನಲ್ಲಿ ಒಂದು ಗೀರು ಹೆಚ್ಚಿಗೆ ಇತ್ತು, ಬೇರೆ ಎಲ್ಲವೂ ನನ್ನದೇ. ಕೈ ತಾನಾಗಿ ಜೇಬಿಗೆ ಹೋಗಿ ಕೀಲಿ ಹುಡುಕಿತು. ನಾನು ಆ ಕ್ಷಣ ಹೆದರಿದ ಹಾಗೆ ಜೀವನದಲ್ಲಿ ಹೆದರಿದ್ದು ಕಡಿಮೆ.

ಅವನು ಸೀಟು ಹಿಂದಕ್ಕೆ ಮಾಡಿ ಮಲಗಿದ್ದ. ಗಾಜು ತಟ್ಟಿ ಸಲಾಂ ಹೇಳಿದೆ. ಎದ್ದು ಕಣ್ಣೊರೆಸಿಕೊಂಡ. ಹತ್ತಿರದಿಂದ ನೋಡಿದರೆ ನನ್ನ ಹಾಗೆ ಏನೂ ಇರಲಿಲ್ಲ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಹಲ್ಲು ಸ್ವಲ್ಪ ಮುಂದೆ. ನಾನು ಬ್ಯಾರಿಯಲ್ಲಿ ಮಾತಾಡಿದ್ದೇ ಅವನ ಮುಖ ಅರಳಿತು. "ಬನ್ನಿ, ಒಳಗೆ ಕೂತ್ಕೊಳ್ಳಿ, ಎ.ಸಿ. ಉಂಟು" ಎಂದ. ನಾನು ನನ್ನ ನಂಬರಿನ ಕಾರಿನಲ್ಲಿ, ಚಾಲಕನ ಪಕ್ಕದ ಸೀಟಿನಲ್ಲಿ ಕೂತೆ.

ಹೆಂಗಸರು ಕಾರು ಓಡಿಸುವಂತಿಲ್ಲದ ಕಾಲ ಅದು. ಅವನು ನಾಲ್ವರು ನರ್ಸುಗಳನ್ನು ಅವರ ಕೋಣೆಯಿಂದ ಆಸ್ಪತ್ರೆಗೆ ತರುತ್ತಿದ್ದ, ಡ್ಯೂಟಿ ಮುಗಿದ ಮೇಲೆ ಹಿಂದೆ ಬಿಡುತ್ತಿದ್ದ. ನಡುವೆ ಎರಡು ಶಾಲೆಯ ಟೀಚರುಗಳ ಕೆಲಸ. ಹಿಂದೆ ಒಂದು ಕಂಪನಿಯಲ್ಲಿ ಡ್ರೈವರಾಗಿದ್ದನಂತೆ. ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಸಂಬಳ ಕೊಡದೆ ಇದ್ದುದಕ್ಕೆ ಹೊರಬಂದ. ಇವನು ಓಡಿಹೋಗಿದ್ದಾನೆ ಎಂದು ಕಫೀಲ್ ಸರ್ಕಾರದಲ್ಲಿ ಬರೆಸಿಬಿಟ್ಟ. ಅಲ್ಲಿಗೆ ಅವನ ಇಕಾಮಾ, ಕಾರಿನ ಕಾಗದ ಎಲ್ಲ ಸತ್ತುಹೋದವು.

ಈ ನಂಬರ್ ನನ್ನದು, ಇಲ್ಲಿ ನಿಲ್ಲಿಸಿದ್ದರ ಶುಲ್ಕವೆಲ್ಲ ನನಗೆ ಬೀಳುತ್ತಿದೆ ಎಂದು ಹೇಳಿದೆ. ಅವನು ಸೀಟು ನೇರ ಮಾಡಿ ನನ್ನ ಕಡೆ ತಿರುಗಿದ.

"ಶುಲ್ಕ ನಿಮಗೆ ಬರ್ತಾ ಇತ್ತಾ? ನನಗೆ ಗೊತ್ತಿಲ್ಲ ಮಾರಾಯ್ರೆ, ಅಲ್ಲಾಹನ ಆಣೆ. ಬೇರೆಯವರಿಗೆಲ್ಲ ಚೀಟಿ ತಗೊಳ್ಬೇಕು, ನಾನು ಬಂದ್ರೆ ಗೇಟು ತನ್ನಷ್ಟಕ್ಕೆ ಓಪನ್ ಆಗ್ತದೆ. ನರ್ಸಮ್ಮಂದಿರ ಗಾಡಿ ಅಂತ ಬಿಡ್ತಾರೆ ಅಂತ ನಾನು ತಿಳ್ಕೊಂಡದ್ದು. ನಮಗೂ ಒಂದು ಬಾಗಿಲು ತೆರೀತದಲ್ಲ ಅಂತ ಖುಷಿ ಆಗ್ತಿತ್ತು."

ಪರ್ಸು ತೆಗೆದು ಹಣ ಎಣಿಸಲು ಹೋದ. ನಾನು ಬೇಡವೆಂದೆ. ಹಣದ ಮಾತಲ್ಲ, ಫೈಲು ಪೊಲೀಸರಿಗೆ ಹೋಗುತ್ತದೆ, ನನ್ನ ಹೆಂಡತಿ ಮಗಳು ಇಲ್ಲಿದ್ದಾರೆ, ಈ ಪ್ಲೇಟು ಇವತ್ತೇ ತೆಗೆಯಬೇಕು ಎಂದೆ. ಅವನು ಕೈ ಮುಗಿಯಲಿಲ್ಲ, ಅಳಲಿಲ್ಲ, ವ್ಯವಹಾರದ ಮಾತಿನ ಹಾಗೆ ಹೇಳಿದ.

"ಹತ್ತು ದಿನ ಕೊಡಿ. ಎಂಬೆಸಿಯಲ್ಲಿ ಔಟ್‌ಪಾಸಿಗೆ ಅರ್ಜಿ ಕೊಟ್ಟಿದ್ದೇನೆ, ಊರಿಗೆ ಹೋಗುವವನೇ ನಾನು. ಈ ನಾಲ್ಕು ಜನಕ್ಕೆ ಬೇರೆ ಒಳ್ಳೆ ಗಾಡಿ ಗೊತ್ತು ಮಾಡಿ ಕೊಡ್ಬೇಕು. ಹೆಣ್ಣುಮಕ್ಕಳು, ಯಾರ ಗಾಡಿಗೂ ಹತ್ತಿಸ್ಲಿಕ್ಕೆ ಆಗುದಿಲ್ಲ. ಹತ್ತು ದಿನ ಕಳೀಲಿ, ಪ್ಲೇಟು ನಾನೇ ನಿಮ್ಮ ಕೈಗೆ ತಂದು ಕೊಡ್ತೇನೆ."

ನನ್ನ ಹದಿನೈದು ದಿನದಲ್ಲಿ ಹನ್ನೊಂದು ಉಳಿದಿದ್ದವು. ಆಯಿತು ಎಂದೆ. ಕೈ ಕುಲುಕಿದೆವು. ಅವನ ಫೋನ್ ನಂಬರ್ ಬರೆದುಕೊಂಡೆ. ಇಳಿಯುವಾಗ ಅವನು, "ನೀವು ಒಳ್ಳೆಯವರು, ಬೇರೆಯವರಾಗಿದ್ರೆ ಸೀದಾ ಪೊಲೀಸಿಗೆ ಹೋಗ್ತಿದ್ರು" ಎಂದ.

ಆ ಹತ್ತು ದಿನವೂ ಕಾಯುವ ಮನಸ್ಸೇ ನನಗಿತ್ತು. ಇದನ್ನು ನಂಬಿ ಎಂದು ಯಾರನ್ನೂ ಕೇಳಲಾರೆ. ಮೂರನೇ ದಿನ ನಮ್ಮ ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳಲ್ಲಿ ನಮ್ಮ ಕಾಗದಪತ್ರದ ಕೆಲಸ ಮಾಡಿಸುವಾತ, ಮೇಜಿನ ಹತ್ತಿರ ಬಂದು, ಮುಂದಿನ ಪ್ಲೇಟು ಕಳೆದಿದೆ ಎಂದು ಅಂದಿದ್ದೆಯಲ್ಲ, ನಾಳೆ ನಾನು ಟ್ರಾಫಿಕ್ ಕಚೇರಿಗೆ ಹೋಗುತ್ತೇನೆ, ನಾಡಿದ್ದಿನಿಂದ ಒಂದು ತಿಂಗಳು ರಜೆ, ಯಲ್ಲಾ, ಬರುವುದಾದರೆ ಬಾ ಎಂದ. ಅವನಿಲ್ಲದೆ ಆ ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಎದೆ ನನಗಿರಲಿಲ್ಲ.

ಆ ಸಂಜೆ ನೆಲಮಾಳಿಗೆಯಲ್ಲಿ ಎಲ್ಲರೂ ಹೋಗುವವರೆಗೆ ಕಾದು, ಮುಂದಿನ ನಕಲಿ ಪ್ಲೇಟನ್ನು ಸ್ಕ್ರೂ ಬಿಚ್ಚಿ ತೆಗೆದೆ. ತಗಡು ಕತ್ತರಿಸುವ ಕತ್ತರಿಯಿಂದ ಆರು ತುಂಡು ಮಾಡಿ ಬೇರೆ ಬೇರೆ ಬೀದಿಯ ಕಸದ ತೊಟ್ಟಿಗಳಿಗೆ ಹಾಕಿದೆ. ಮರುದಿನ ಮಂದೂಬ್ ಜೊತೆ ಹೋಗಿ ಮುಂದಿನ ಪ್ಲೇಟು ಕಳೆದಿದೆ ಎಂದು ಬರೆದುಕೊಟ್ಟೆ. ಅದು ಸುಳ್ಳೂ ಆಗಿರಲಿಲ್ಲ, ಎರಡು ವರ್ಷ ತಡವಾಗಿತ್ತು ಅಷ್ಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಿಂದುಗಡೆಯ ಪ್ಲೇಟನ್ನು ವಾಪಸು ತೆಗೆದುಕೊಂಡು ನನಗೆ ಹೊಸ ನಂಬರ್ ಕೊಟ್ಟರು. ಕಿಟಕಿಯೊಳಗಿನ ಅಧಿಕಾರಿ ಠಸ್ಸೆ ಒತ್ತುತ್ತ ಹೇಳಿದ, "ಇನ್ನು ಚಿಂತೆ ಬೇಡ. ಹಳೆ ನಂಬರ್ ಪಟ್ಟಿಗೆ ಹೋಯಿತು. ಯಾವನ ಕಾರಿನಲ್ಲಿ ಕಂಡರೂ ಮೊದಲ ಗಸ್ತಿನವರೇ ಹಿಡಿಯುತ್ತಾರೆ."

ಅಧಿಕಾರಿ ಹಾಗೆಂದಾಗ ನಾನು ಏನು ಮಾಡಿದೆನೆಂದು ನನಗೆ ಅರ್ಥವಾಯಿತು. ಹೊರಗೆ ಬಂದು ಫೋನು ತೆಗೆದೆ, ಬಂಟ್ವಾಳದ ಕಡೆಯವನ ನಂಬರ್ ತೆರೆದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವತ್ತೇ ಪ್ಲೇಟು ಕಿತ್ತು ಎಸೆಯಿರಿ, ಅಷ್ಟೆ. ಆದರೆ ನಾಳೆ ಅವನು ಸಿಕ್ಕಿಬಿದ್ದರೆ, ಅವನ ಫೋನಿನಲ್ಲಿ ನನ್ನ ಕರೆ ಇದ್ದರೆ? ಅದೊಂದೇ ಯೋಚನೆ. ನಾನು ಹೆದರಿದೆ. ಸಂಜೆ ಮಾಡೋಣ ಎಂದುಕೊಂಡೆ, ನಾಳೆ ಖುದ್ದಾಗಿ ಹೋಗಿ ಹೇಳೋಣ ಎಂದುಕೊಂಡೆ. ಪಾರ್ಕಿಂಗ್ ಕಂಪನಿಗೆ ಮಾತ್ರ ಅದೇ ದಿನ ಹೋದೆ. ಪ್ಲೇಟು ಕಳೆದಿದೆ ಎಂದು ಬರೆದ ಕಾಗದ, ಹೊಸ ಪ್ಲೇಟಿನ ಫೋಟೋ ಎಲ್ಲ ಕೊಟ್ಟೆ. ಸುಡಾನಿನ ಹಿರಿಯರು ನನ್ನ ಭುಜ ತಟ್ಟಿ, ಸತ್ಯಕ್ಕೆ ಯಾವತ್ತೂ ದಾರಿಯಿದೆ ಎಂದರು.

ಅದಾದ ಎರಡನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ನಿನ್ನ ಕಳೆದ ನಂಬರ್ ಸಿಕ್ಕಿದೆ, ಬಾ ಎಂದರು.

ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಲೇ ಹೋದೆ. ಅಧಿಕಾರಿ ಚಿಕ್ಕ ವಯಸ್ಸಿನವನು, ನಗುಮುಖದವನು. ಬೆಂಚಿನ ಮೇಲೆ ಆ ಮನುಷ್ಯ ಕೂತಿದ್ದ. ಆಸ್ಪತ್ರೆಯಲ್ಲಿ ನರ್ಸುಗಳನ್ನು ಇಳಿಸಿ, ಸೀಟು ಹಿಂದೆ ಮಾಡಿ ಮಲಗಿದ್ದಾಗ ಹಿಡಿದಿದ್ದರಂತೆ. ನಾನು ಒಳಗೆ ಬಂದಾಗ ಒಮ್ಮೆ ತಲೆಯೆತ್ತಿ ನೋಡಿದ. ಎಂದೂ ಕಂಡಿಲ್ಲದವನನ್ನು ನೋಡುವ ಹಾಗೆ ನೋಡಿ, ತಲೆ ತಗ್ಗಿಸಿದ.

"ಇವನನ್ನು ಬಲ್ಲೆಯಾ?" ಅಧಿಕಾರಿ ಕೇಳಿದ.

"ಇಲ್ಲ," ಎಂದೆ.

"ಇವನ ಅರಬ್ಬಿ ನನಗೆ ತಿಳಿಯುತ್ತಿಲ್ಲ. ನೀನೂ ಹಿಂದಿ, ಅವನೂ ಹಿಂದಿ. ಈ ಪ್ಲೇಟು ಎಲ್ಲಿಂದ ಬಂತು ಕೇಳು."

ಅಲ್ಲಿ ಭಾರತದವನಿಗೆ ಹಿಂದಿ ಎನ್ನುತ್ತಾರೆ. ಆ ಠಾಣೆಯಲ್ಲಿ ಬ್ಯಾರಿ ಬಲ್ಲವರು ನಾವಿಬ್ಬರೇ. ಪ್ಲೇಟು ಎಲ್ಲಿಂದ ಬಂತು ಅಂತ ಕೇಳ್ತಾ ಇದ್ದಾರೆ ಎಂದೆ.

ಅವನು ನೆಲ ನೋಡುತ್ತಲೇ ಹೇಳಿದ. "ದಾರಿಯಲ್ಲಿ ಒಂದು ಪ್ಲೇಟು ಬಿದ್ದದ್ದು ಸಿಕ್ಕಿತು, ಅದನ್ನು ನೋಡಿ ಎರಡು ಮಾಡಿಸಿದೆ, ಅಂಗಡಿ ನೆನಪಿಲ್ಲ ಅಂತ ಹೇಳಿ. ನಿಮಗೆ ಹೇಗೆ ಸರಿ ಆಗ್ತದೋ ಹಾಗೆ ಹೇಳಿ. ಆ ಬೋರ್ಡಿನವನಿಗೂ ಮಕ್ಕಳಿದ್ದಾರೆ. ಇನ್ನೊಂದು ಉಂಟು. ಮೂರು ಗಂಟೆಗೆ ಅವರ ಡ್ಯೂಟಿ ಬಿಡ್ತದೆ. ನಾನು ಇಲ್ಲಿರುದು ಅವರಿಗೆ ಗೊತ್ತಿಲ್ಲ, ಫೋನು ಇವರ ಹತ್ತಿರ ಉಂಟು. ಹಿಂದಿನ ಗೇಟಿನ ಹತ್ತಿರ ಬಿಸಿಲಲ್ಲಿ ನಿಲ್ತಾರೆ ಅವರು, ನೆರಳಿಲ್ಲ ಅಲ್ಲಿ. ಕೋಣೆ ಇರುದು ದೊಡ್ಡ ಬೇಕರಿಯ ಹಿಂದಿನ ಹಳದಿ ಕಟ್ಟಡ. ನಾಳೆಗೂ ಯಾರಾದ್ರೂ ಬೇಕು."

ನಾನು ಅರಬ್ಬಿಯಲ್ಲಿ ಹೇಳಿದೆ, "ದಾರಿಯಲ್ಲಿ ಸಿಕ್ಕಿದ್ದನ್ನು ನೋಡಿ ಮಾಡಿಸಿದನಂತೆ. ಅಂಗಡಿ ನೆನಪಿಲ್ಲವಂತೆ."

ಅಧಿಕಾರಿ ನಕ್ಕ. "ಅವನು ಅಷ್ಟು ಹೊತ್ತು ಮಾತಾಡಿದ. ನೀನು ಎರಡೇ ಮಾತು ಹೇಳಿದೆ."

"ಹೆದರಿದ್ದಾನೆ," ಎಂದೆ. "ಹೇಳಿದ್ದನ್ನೇ ಹೇಳುತ್ತಿದ್ದಾನೆ."

ಸಹಿ ಹಾಕಿಸಿಕೊಂಡರು. ನಾನು ತಿರುಗಿ ನೋಡದೆ ಹೊರಬಂದೆ. ಕಾರಿನಲ್ಲಿ ಕೂತಾಗ ಸಂದೇಶ ಬಂತು. ನಿಮ್ಮ ಆಕ್ಷೇಪಣೆ ಸ್ವೀಕೃತವಾಗಿದೆ, ಎಲ್ಲ ಶುಲ್ಕಗಳನ್ನು ರದ್ದು ಮಾಡಲಾಗಿದೆ, ಆದ ತೊಂದರೆಗೆ ಕ್ಷಮೆ ಕೋರುತ್ತೇವೆ ಎಂದಿತ್ತು. ನನ್ನ ಇಕಾಮಾ ಉಳಿಯಿತು, ಮಗಳ ಪರೀಕ್ಷೆ ಉಳಿಯಿತು, ಹೆಂಡತಿಗೆ ಇನ್ನು ನಿಶ್ಚಿಂತೆ. ಬಯಸಿದ್ದೆಲ್ಲ ಸಿಕ್ಕಿತ್ತು.

ಮೂರು ಗಂಟೆಗೆ ಆಸ್ಪತ್ರೆಯ ಹಿಂದಿನ ಗೇಟಿಗೆ ಹೋದೆ. ಪುಣ್ಯ ಕಟ್ಟಿಕೊಳ್ಳಲು ಅಂತೂ ಅಲ್ಲ. ಬಿಸಿಲಿನಲ್ಲಿ ನಾಲ್ವರು ಕಪ್ಪು ಅಬಾಯದೊಳಗೆ ಒಬ್ಬರಿಗೊಬ್ಬರು ನೆರಳಾಗಿ ನಿಂತಿದ್ದರು. ನಾನು ಇಳಿದು ಹೇಳಬೇಕು ಎಂದು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವರೇ ಬಂದು, ಬಿಳಿ ಕಾರಿನ ಬಾಗಿಲು ತೆಗೆದು, ಮೂವರು ಹಿಂದೆ ಒತ್ತಿ ಕೂತರು. ನಾಲ್ಕನೆಯವಳು ಅವರ ಮಡಿಲಿಗೆ ಬ್ಯಾಗುಗಳನ್ನು ಕೊಟ್ಟು ಅಂಚಿನಲ್ಲಿ ತೂರಿಕೊಂಡಳು. ಮುಂದಿನ ಸೀಟಿನಲ್ಲಿ ಯಾರೂ ಕೂರಲಿಲ್ಲ. ಅದು ಅವರ ಮತ್ತು ಅವನ ನಡುವಿನ ಕ್ರಮ ಇರಬೇಕು. ಯಾರೂ ನನ್ನ ಮುಖ ನೋಡಲಿಲ್ಲ.

"ಅಣ್ಣ, ಎ.ಸಿ. ಸ್ವಲ್ಪ ಜಾಸ್ತಿ ಇಡಿ," ಎಂದು ಒಬ್ಬಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. ನಮ್ಮ ಮಂಗಳೂರು ಕಡೆಯ ಕನ್ನಡ.

ಎ.ಸಿ. ಜಾಸ್ತಿ ಮಾಡಿದೆ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ಇಪ್ಪತ್ತು ನಿಮಿಷದ ದಾರಿ. ಇಬ್ಬರು ಆಗಲೇ ನಿದ್ದೆ ಹೋಗಿದ್ದರು, ಒಬ್ಬಳು ಯಾರದೋ ಡ್ರಿಪ್ ಸರಿ ಇಳಿಯದ್ದರ ಬಗ್ಗೆ ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಅವರು ಅವನ ಮೇಲೆ ಇಟ್ಟಿದ್ದ ನಂಬಿಕೆ ಎಷ್ಟೆಂದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನಾನು ಒಂದು ಮಾತನ್ನೂ ಆಡಲಿಲ್ಲ, ದನಿ ಕೇಳಿದರೆ ಗೊತ್ತಾಗುತ್ತಿತ್ತು.

ಹಳದಿ ಕಟ್ಟಡದ ಮುಂದೆ ಇಳಿದರು. ಕನ್ನಡದವಳು ನಾಳೆಯ ಹೊತ್ತು ಹೇಳಲು ನನ್ನ ಕಿಟಕಿಗೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

"ಅಣ್ಣ ಎಲ್ಲಿ?"

"ಹುಷಾರಿಲ್ಲ," ಎಂದೆ.

"ನಾಳೆ ಬರ್ತಾರಲ್ಲ?"

"ಬರ್ತಾರೆ."

"ಎಂತ ಆದದ್ದು? ಜ್ವರವಾ? ಮದ್ದು ಬೇಕಿದ್ರೆ ನಾವೇ ಕೊಡ್ತೇವೆ, ಫೋನ್ ಮಾಡ್ಲಿಕ್ಕೆ ಹೇಳಿ. ಬೆಳಿಗ್ಗೆ ಆರು ಗಂಟೆಗೇ ಬೇಕು ನಮಗೆ, ಲೇಟಾದ್ರೆ ಸಂಬಳ ಕಟ್ ಮಾಡ್ತಾರೆ."

ಹೇಳುತ್ತೇನೆ ಎಂದೆ. ಅವಳು ಥ್ಯಾಂಕ್ಸ್ ಅಣ್ಣ ಎಂದು ಮೆಟ್ಟಿಲು ಹತ್ತಿದಳು.

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದೆ. ನಮಾಜ್ ಮುಗಿಸಿ, ಅಂಗಿ ಹಾಕಿಕೊಂಡು, ಕೀಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತೆ. ಹೋದರೆ ಅವರು ಕೇಳುತ್ತಾರೆ, ಕೇಳಿದರೆ ಹೇಳಬೇಕು. ಆರಾಯಿತು, ಆರೂಕಾಲಾಯಿತು. ಹೆಂಡತಿ ಎದ್ದು ಬಂದು ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದೆ. ಆರೂವರೆಯವರೆಗೆ ಅವರು ಆ ಹಳದಿ ಕಟ್ಟಡದ ಮುಂದೆ ಬಿಳಿ ಕಾರು ಬರುವ ದಾರಿ ನೋಡುತ್ತ ನಿಂತಿದ್ದಿರಬೇಕು. ನಾನು ಹೋಗಲಿಲ್ಲ.